ಭೃತ್ಯಾಚಾರವೆಲ್ಲಿ ಹೋಯಿತು?



ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಇವು ಐದೂ ಸೇರಿ ಪಂಚಾಚಾರ. ಇವನ್ನು ಬೆರಳು ಮಡಿಚಿ ಎಣಿಸುವಾಗ ಮೊದಲ ನಾಲ್ಕನ್ನು ಸರಾಗವಾಗಿ ಹೇಳುವವರೂ ಐದನೆಯದಕ್ಕೆ ಬಂದಾಗ ತಡವರಿಸುವುದನ್ನು ಕಾಣುತ್ತೇವೆ. ತಡವರಿಕೆ ನಾಲಿಗೆಯದಾಗಿದ್ದರೆ ಚಿಂತೆಯಿರಲಿಲ್ಲ. ನಮ್ಮ ನಡೆಯಲ್ಲಿಯೇ ಐದನೆಯದು ಲೋಪವಾಗಿದೆಯೆಂಬುದು ಈ ಬರಹದ ಅಳಲು. ಭೃತ್ಯನೆಂದರೆ ಸೇವಕ. ಶಿವಶರಣರೆಲ್ಲರೂ ಹಿರಿಯರು, ನಾನು ಅವರ ಮನೆಯ ಆಳು ಎಂಬ ಅರಿವಿನಿಂದ ಬಾಳುವುದೇ ಭೃತ್ಯಾಚಾರ. ಈ ಅರಿವು ಹೋದರೆ ಉಳಿದ ನಾಲ್ಕು ಆಚಾರಗಳು ತಳಹದಿ ಕುಸಿದ ಮನೆಯಂತೆ ನಿಂತಿರುತ್ತವೆ. ಹೊರಗಿನಿಂದ ಬಣ್ಣ ಚೆನ್ನಾಗಿರುತ್ತದೆ, ಒಳಗೆ ಬಿರುಕು ಬೆಳೆಯುತ್ತಿರುತ್ತದೆ.

ನಮ್ಮ ಹಿರಿಯರು ಮದಗಳನ್ನು ಎಂಟಾಗಿ ಎಣಿಸಿದ್ದಾರೆ: ಕುಲಮದ, ಛಲಮದ, ಧನಮದ, ರೂಪಮದ, ಯೌವನಮದ, ವಿದ್ಯಾಮದ, ರಾಜ್ಯಮದ, ತಪೋಮದ. ರೂಪ, ಯೌವನಗಳ ಮದವನ್ನು ಕಾಲವೇ ಇಳಿಸುತ್ತದೆ. ರಾಜ್ಯಮದ ಇಳಿದುದನ್ನು ನೋಡಲು ಗಂಗಾವತಿಯಿಂದ ಆನೆಗೊಂದಿಯ ದಾರಿ ಹಿಡಿದು ತುಂಗಭದ್ರೆಯ ದಡದಲ್ಲಿ ನಿಂತರೆ ಸಾಕು, 1565ರ ನಂತರ ಹಾಳಾದ ಮಹಾನಗರದ ಕಲ್ಲುಗಳು ಎದುರಿಗೇ ಇವೆ. ಆದರೆ ತಪೋಮದವನ್ನು ಇಳಿಸುವುದು ಕಷ್ಟ. ಏಕೆಂದರೆ ಅದು ವಿಭೂತಿ ಧರಿಸಿ, ರುದ್ರಾಕ್ಷಿ ತೊಟ್ಟು, ಭಕ್ತಿಯ ವೇಷದಲ್ಲಿಯೇ ಬರುತ್ತದೆ. ಕಳ್ಳ ಕಳ್ಳನಂತೆ ಬಂದರೆ ನಾಯಿ ಬೊಗಳೀತು. ಮನೆಯ ಯಜಮಾನನ ಶಲ್ಯ ಹೊದ್ದು ಬಂದರೆ ನಾಯಿಯೂ ಬಾಲವಾಡಿಸುತ್ತದೆ. ಇಂದು ನಮ್ಮ ಉತ್ಸವಗಳಲ್ಲಿ, ವೇದಿಕೆಗಳಲ್ಲಿ, ದಾಸೋಹ ಮಂಟಪಗಳಲ್ಲಿ ಶಲ್ಯ ಹೊದ್ದು ಕುಳಿತಿರುವುದು ಈ ಮದವೇ.

ದಾಸೋಹ ಎಂಬ ಪದವನ್ನೇ ನೋಡೋಣ. ನಾವು ಅದನ್ನು ಅನ್ನಸಂತರ್ಪಣೆಯ ಇನ್ನೊಂದು ಹೆಸರು ಮಾಡಿಬಿಟ್ಟಿದ್ದೇವೆ. ಆದರೆ ಅದು ಮೂಲತಃ ಒಂದು ವಾಕ್ಯ: ನಾನು ದಾಸ. ಅದರ ಎದುರಿಗೆ ನಿಂತಿರುವುದು ಸೋಹಂ, ಅಂದರೆ ಅವನೇ ನಾನು ಎಂಬ ಮಹಾವಾಕ್ಯ. ಬಸವಣ್ಣನವರು ಕೂಡಲಸಂಗಮದೇವನಲ್ಲಿ ಬೇಡಿಕೊಂಡದ್ದು ತನ್ನಿಂದ ಸೋಹಂ ಎಂದು ನುಡಿಸಬೇಡ, ದಾಸೋಹಂ ಎಂದು ನುಡಿಸು ಎಂದು. ಅದ್ವೈತವನ್ನು ಅರಿಯದೆ ಅವರು ಹೀಗೆ ಬೇಡಲಿಲ್ಲ. ಅನುಭವಕ್ಕೆ ಬರುವ ಮುನ್ನವೇ ಬಾಯಿಗೆ ಬಂದ ಸೋಹಂ ಅಹಂಕಾರಕ್ಕೆ ಗೊಬ್ಬರವಾಗುತ್ತದೆಂದು ಅರಿತೇ ಬೇಡಿದರು. ಹೀಗಿರುವಾಗ ದಾಸೋಹದ ಮಂಟಪದ ಬಾಗಿಲಿನಲ್ಲಿಯೇ ದಾನಿಯ ಆಳೆತ್ತರದ ಭಾವಚಿತ್ರ ನಿಂತಿದ್ದರೆ, ಅಲ್ಲಿ ನಡೆದಿರುವುದು ದಾಸೋಹವೋ ಸೋಹವೋ? ಸದ್ಭಕ್ತರು ತಾವೇ ವಿಚಾರಿಸಬೇಕು.

ಯಾವ ಊರಿನ ದೇವಸ್ಥಾನಕ್ಕಾದರೂ ಹೋಗಿ ನೋಡಿರಿ. ಗೋಡೆಯ ಅಮೃತಶಿಲೆಯಲ್ಲಿ ದಾನಿಗಳ ಹೆಸರು, ಗಡಿಯಾರದ ಮುಖದ ಮೇಲೆ ದಾನಿಯ ಹೆಸರು, ತಿರುಗುವ ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರು, ಊಟದ ತಟ್ಟೆಯ ಅಂಚಿನಲ್ಲಿ ದಾನಿಯ ಹೆಸರು. ಹಸಿದವನು ಅನ್ನ ತಿಂದು ಮುಗಿಸಿದಾಗ ತಟ್ಟೆಯಲ್ಲಿ ಕಡೆಗೆ ಉಳಿಯುವುದು ಆ ಹೆಸರೇ. ಇದನ್ನು ಪ್ರಶ್ನಿಸಿದರೆ ಒಂದು ಸಿದ್ಧ ಉತ್ತರವಿದೆ: ಹೆಸರು ಬರೆಸಿದರೆ ಇನ್ನೊಬ್ಬರಿಗೆ ಕೊಡುವ ಮನಸ್ಸಾಗುತ್ತದೆ. ಇದರಲ್ಲಿ ವ್ಯವಹಾರದ ಸತ್ಯವಿದೆ, ನಿರಾಕರಿಸುವುದಿಲ್ಲ. ಆದರೆ ಹೆಸರಿಗಾಗಿ ಕೊಟ್ಟವನು ಹೆಸರನ್ನು ಕೊಂಡುಕೊಂಡನೇ ಹೊರತು ಶಿವನಿಗೆ ಏನನ್ನೂ ಕೊಡಲಿಲ್ಲ. ಲೆಕ್ಕ ಅಲ್ಲಿಗೇ ಚುಕ್ತಾ ಆಯಿತು. ಕೊಟ್ಟೆನೆಂಬ ಎಣಿಕೆ ಮನಸ್ಸಿನೊಳಗೆ ಒಮ್ಮೆ ಮಿಂಚಿದರೂ ಶಿವನು ಡಂಗುರ ಹೊಡೆಸಿ ಭಕ್ತನನ್ನು ಕಾಡುತ್ತಾನೆ ಎಂದು ಬಸವಣ್ಣನವರು ಹೆದರಿದ್ದರು. ನಾವೋ, ಆ ಡಂಗುರವನ್ನು ನಾವೇ ಧ್ವನಿವರ್ಧಕದಲ್ಲಿ ಹೊಡೆಸುತ್ತಿದ್ದೇವೆ.

ನಮ್ಮ ನೆಲದಲ್ಲಿಯೇ ಎರಡು ಕಲ್ಲಿನ ಸಾಕ್ಷಿಗಳಿವೆ. ಕುಕನೂರಿನ ಸಮೀಪದ ಇಟಗಿಯಲ್ಲಿ ಕಲ್ಯಾಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಶಿವಾಲಯವೊಂದನ್ನು ಕಟ್ಟಿಸಿದನು. ಅಲ್ಲಿಯ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಶಿಲ್ಪಿಗಳ ಕೈಚಳಕಕ್ಕೆ ಆ ಮಾತು ಸಲ್ಲುತ್ತದೆ. ನೋಡಿದವರು ತಲೆದೂಗದೆ ಇರಲಾರರು. ಆದರೆ ದೇವರ ಮನೆಗೂ ಚಕ್ರವರ್ತಿ ಪದವಿ ಬೇಕೆಂದು ಅನ್ನಿಸಿದ ಕಾಲ ಅದು ಎಂಬುದನ್ನು ಮರೆಯಬಾರದು. ಅದಾದ ಕೆಲವೇ ದಶಕಗಳಲ್ಲಿ, ಅದೇ ಕಲ್ಯಾಣದಲ್ಲಿ, ಭಂಡಾರದ ಬೀಗದ ಕೈ ಹಿಡಿದಿದ್ದ ಬಸವಣ್ಣನವರು ಸಿರಿವಂತರು ಕಟ್ಟಿಸುವ ಗುಡಿಗಳ ಎದುರಿಗೆ ಬಡವನ ದೇಹವನ್ನೇ ಗುಡಿಯಾಗಿ ನಿಲ್ಲಿಸಿದರು. ಇಟಗಿಯಂಥ ವೈಭವದ ನಡುವೆ ಬೆಳೆದ ಕಿವಿಗಳಿಗೆ ಆ ವಚನ ಎಷ್ಟು ಕಠಿಣವಾಗಿ ಕೇಳಿಸಿರಬೇಕೆಂದು ಊಹಿಸಿರಿ.

ಎರಡನೆಯದು ಇನ್ನೂ ಹಳೆಯದು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಕಿರುಶಾಸನಗಳಿವೆ. 1931ರಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಪ್ರಾಕೃತ ಭಾಷೆಯ ಆ ಬರಹದ ತಿರುಳೇನು? ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಿಸಿದರೆ ಸಣ್ಣವನೂ ಅದನ್ನು ಪಡೆಯಬಲ್ಲನು ಎಂಬುದು. ಭಾರತದ ಬಹುಭಾಗವನ್ನು ಆಳಿದ ಸಾಮ್ರಾಟನೊಬ್ಬನು ನಮ್ಮ ಕೊಪ್ಪಳದ ಬಂಡೆಗಳ ಮೇಲೆ ಬರೆಸಿದ್ದು ಇದನ್ನು. ಪಲ್ಲಕ್ಕಿಯಂತೆ ಕಾಣುವುದರಿಂದ ಪಾಲ್ಕಿಗುಂಡು ಎಂದು ಹೆಸರಾದ ಆ ಬಂಡೆಯ ಪಲ್ಲಕ್ಕಿಯಲ್ಲಿ ಯಾರೂ ಕುಳಿತಿಲ್ಲ, ಅದನ್ನು ಯಾರೂ ಹೊತ್ತಿಲ್ಲ. ಎರಡು ಸಾವಿರ ವರ್ಷಗಳಿಂದ ಅದು ಸಣ್ಣವರ ಪರವಾದ ಮಾತನ್ನು ಕಾಯುತ್ತ ನಿಂತಿದೆ.

ಪಲ್ಲಕ್ಕಿಯ ಮಾತು ಬಂದುದರಿಂದ ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಧರ್ಮಗುರುಗಳನ್ನು ಅಡ್ಡಪಲ್ಲಕ್ಕಿಯಲ್ಲಿ ಕುಳ್ಳಿರಿಸಿ, ಕಿರೀಟ ತೊಡಿಸಿ, ಭಕ್ತರ ಹೆಗಲ ಮೇಲೆ ಮೆರೆಸುವುದು ಸರಿಯೇ ಎಂಬ ವಾದ ನಮ್ಮ ನಾಡಿನಲ್ಲಿ ದಶಕಗಳಿಂದ ನಡೆದಿದೆ. ಗೌರವ ಸಲ್ಲುವುದು ವ್ಯಕ್ತಿಗಲ್ಲ, ಪೀಠಕ್ಕೆ ಎನ್ನುತ್ತಾರೆ ಸಮರ್ಥಿಸುವವರು. ಹಾಗಾದರೆ ಪೀಠವನ್ನೇ ಹೊರಬಹುದಲ್ಲ? ಪೂರ್ವದ ಗುರುಗಳ ಪಾದುಕೆಯನ್ನೋ ವಚನಕಟ್ಟುಗಳನ್ನೋ ಹೊತ್ತು ಸಾಗಲಿ, ಗುರುಗಳು ಅದರ ಹಿಂದೆ ಬರಿಗಾಲಿನಲ್ಲಿ ಭಕ್ತರೊಡನೆ ನಡೆದು ಬರಲಿ. ಆಗ ಗೌರವ ಸಲ್ಲಿದ್ದು ಪೀಠಕ್ಕೆಂದು ಸಣ್ಣ ಮಗುವಿಗೂ ತಿಳಿಯುತ್ತದೆ. ಗುರು, ಲಿಂಗ, ಜಂಗಮ ಎಂಬ ಅಷ್ಟಾವರಣದ ಮೊದಲ ಮೂರರಲ್ಲಿ ಜಂಗಮವೆಂದರೆ ಚಲಿಸುವುದು ಎಂದೇ ಅರ್ಥ. ಇನ್ನೊಬ್ಬರ ಹೆಗಲ ಮೇಲೆ ಚಲಿಸುವುದನ್ನು ಜಂಗಮವೆನ್ನಲು ಬಾರದು.

ಈ ವಿಷಯದಲ್ಲಿ ಕ್ರೈಸ್ತರ ಇತಿಹಾಸದಿಂದ ನಾವು ಕಲಿಯುವುದಿದೆ. ರೋಮಿನ ಪೋಪರನ್ನೂ ಶತಮಾನಗಳ ಕಾಲ ಹೊರುವ ಪೀಠದಲ್ಲಿ ಕುಳ್ಳಿರಿಸಿ ಹೆಗಲ ಮೇಲೆ ಮೆರೆಸುತ್ತಿದ್ದರು; ಮೂರು ಅಂತಸ್ತಿನ ಕಿರೀಟವನ್ನು ತೊಡಿಸುತ್ತಿದ್ದರು. 1964ರಲ್ಲಿ ಆರನೆಯ ಪೌಲ್ ತಮ್ಮ ಕಿರೀಟವನ್ನು ತೆಗೆದು ಬಲಿಪೀಠದ ಮೇಲೆ ಇಟ್ಟುಬಿಟ್ಟರು. ಆ ಮೇಲೆ ಬಂದ ಯಾವ ಪೋಪರಿಗೂ ಕಿರೀಟಧಾರಣೆ ನಡೆಯಲಿಲ್ಲ. ಹೊರುವ ಪೀಠವೂ 1978ಕ್ಕೆ ನಿಂತುಹೋಯಿತು. ಆ ವರ್ಷ ಪೋಪರಾದ ಎರಡನೆಯ ಜಾನ್ ಪೌಲ್ ಅದನ್ನು ಏರಲಿಲ್ಲ. ಇದರಿಂದ ಅವರ ಗೌರವ ಕಡಿಮೆಯಾಯಿತೇ? ಜಗತ್ತು ಅವರನ್ನು ಇನ್ನೂ ಹತ್ತಿರದಿಂದ ನೋಡಿತು, ಅಷ್ಟೆ.

ಪರಮತದ ಉದಾಹರಣೆ ನಮಗೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಒಳ್ಳೆಯದು ಎಲ್ಲಿದ್ದರೂ ಅದು ಶಿವನದೇ ಎಂದು ತಿಳಿದವನಿಗೆ ಈ ಹಿಂಜರಿಕೆ ಬೇಕಿಲ್ಲ. ಯೇಸುಸ್ವಾಮಿಯು ತನ್ನ ಕಡೆಯ ಭೋಜನದ ರಾತ್ರಿ ನಡುವಿಗೆ ಬಟ್ಟೆ ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ತುಂಬಿ ಶಿಷ್ಯರ ಕಾಲು ತೊಳೆದನೆಂದು ಅವರ ಧರ್ಮಗ್ರಂಥ ಹೇಳುತ್ತದೆ. ಪೇತ್ರನೆಂಬ ಶಿಷ್ಯನು ನಾಚಿ ಮೊದಲು ಒಪ್ಪಲಿಲ್ಲವಂತೆ. 6ನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಬರೆದ ನಿಯಮದಲ್ಲಿ ದೀನತೆಗೆ ಹನ್ನೆರಡು ಮೆಟ್ಟಿಲುಗಳನ್ನು ಕಲ್ಪಿಸಿದರು. ಅದೇ ಶತಮಾನದ ಪೋಪ್ ಗ್ರೆಗೊರಿಯವರು ಗರ್ವವನ್ನು ಸಮಸ್ತ ದುರ್ಗುಣಗಳ ಬೇರೆಂದರು. ನಮ್ಮಲ್ಲಿ ಭಕ್ತನು ಗುರುವಿನ ಪಾದ ತೊಳೆದು ಪಾದೋದಕ ಸ್ವೀಕರಿಸುತ್ತಾನೆ. ಅದು ಅಷ್ಟಾವರಣದ ಅಂಗ. ಅದನ್ನು ತೆಗಳುವುದು ನಮ್ಮ ಉದ್ದೇಶವಲ್ಲ. ಅಲ್ಲಿ ಗುರು ಬಾಗುತ್ತಾನೆ, ಇಲ್ಲಿ ಶಿಷ್ಯ ಬಾಗುತ್ತಾನೆ. ಎರಡರ ಗುರಿಯೂ ಒಂದೇ: ಅಹಂಕಾರವನ್ನು ನೀರಿಗೆ ಬಿಡುವುದು. ಶಿಷ್ಯನ ಅಹಂಕಾರ ಕರಗಿ ಅದೇ ನೀರಿನಲ್ಲಿ ಗುರುವಿನ ಅಹಂಕಾರ ಮೊಳೆಯುವುದಾದರೆ ಅದು ಪಾದೋದಕವಾಗಿ ಉಳಿಯುವುದಿಲ್ಲ, ಬರಿಯ ನೀರಾಗುತ್ತದೆ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವನ್ನು ಎದುರಿಸಲೇಬೇಕು. ವಿನಯದ ಉಪದೇಶ ಯಾವಾಗಲೂ ಬಲವಂತರು ಬಡವರಿಗೆ ಮಾಡುವ ಉಪದೇಶವಲ್ಲವೇ? ತಲೆ ತಗ್ಗಿಸಿ ತಗ್ಗಿಸಿ ಬೆನ್ನು ಬಾಗಿದವನಿಗೆ ಇನ್ನಷ್ಟು ಬಾಗು ಎನ್ನುವುದು ಧರ್ಮವೇ? ಈ ಪ್ರಶ್ನೆ ನ್ಯಾಯವಾದದ್ದು. ಆದರೆ ಶರಣರು ಬಾಗಲು ಹೇಳಿದ್ದು ಯಾರಿಗೆಂಬುದನ್ನು ನೋಡಬೇಕು. ಪರಂಪರೆ ಹೇಳುವಂತೆ ಸಮಗಾರ ಹರಳಯ್ಯನವರು ಶರಣು ಎಂದಾಗ ಬಿಜ್ಜಳನ ಭಂಡಾರಿ ಬಸವಣ್ಣನವರು ಅದಕ್ಕೆ ಇಮ್ಮಡಿಯಾಗಿ ಶರಣು ಶರಣಾರ್ಥಿ ಎಂದರು. ಆ ಒಂದು ಹೆಚ್ಚಿನ ಶರಣಿನ ಋಣ ತೀರಿಸಲು ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರು. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು. ತನಗಿಂತ ಕಿರಿಯನಿಲ್ಲ, ಶಿವಭಕ್ತರಿಗಿಂತ ಹಿರಿಯರಿಲ್ಲ ಎಂಬ ಅರ್ಥದ ಮಾತು ಬಂದದ್ದು ಅಧಿಕಾರಸ್ಥನ ಬಾಯಿಂದ. ಮೇಲಿದ್ದವನು ಇಳಿಯುವುದು ವಿನಯ. ಕೆಳಗಿದ್ದವನನ್ನು ಅಲ್ಲಿಯೇ ಇರಿಸುವುದು ದಬ್ಬಾಳಿಕೆ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವವರು ಭೃತ್ಯಾಚಾರವನ್ನು ಅರಿತವರಲ್ಲ.

ಈ ಮಾತನ್ನು ಕುಲಮದಕ್ಕೂ ಅನ್ವಯಿಸಿರಿ. ಒಳಪಂಗಡದ ಹೆಸರಿನಲ್ಲಿ ಸಮಾವೇಶ, ಒಳಪಂಗಡದ ಹೆಸರಿನಲ್ಲಿ ಕಲ್ಯಾಣಮಂಟಪ, ಸಂಬಂಧ ಬೆಳೆಸುವಾಗ ಒಳಪಂಗಡದ್ದೇ ವಿಚಾರಣೆ. ನಾವು ಬಸವಣ್ಣನವರ ಕುಲದವರೆಂದು ಎದೆ ತಟ್ಟಿಕೊಳ್ಳುತ್ತೇವೆ. ಬಸವಣ್ಣನವರಾದರೋ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ಮನೆಯ ಮಗನೆನಿಸಿಕೊಳ್ಳಲು ಹಾತೊರೆದರು. ಗಣಾಚಾರವೆಂದರೆ ಧರ್ಮದ ರಕ್ಷಣೆಗಾಗಿ ತೋಳೇರಿಸುವುದು ಎಂದಷ್ಟೇ ತಿಳಿದವರು ಅದರ ಪಕ್ಕದಲ್ಲಿಯೇ ಭೃತ್ಯಾಚಾರವನ್ನು ಹಿರಿಯರು ಏಕೆ ಇರಿಸಿದರೆಂದು ಯೋಚಿಸಬೇಕು. ಭೃತ್ಯಾಚಾರವಿಲ್ಲದ ಗಣಾಚಾರ ಬರಿಯ ಜಗಳವಾಗುತ್ತದೆ.

ದಾನದ ಗರ್ವಕ್ಕೆ ಪುರಾಣ ಪರಂಪರೆಯಲ್ಲಿ ಮುದನೂರಿನ ಜೇಡರ ದಾಸಿಮಯ್ಯನವರ ಕಥೆಯಿದೆ. ಶಿವನೊಲಿದು ಎಂದೂ ಬರಿದಾಗದ ತವನಿಧಿಯನ್ನು ಕೊಟ್ಟಿದ್ದನು. ಬಡವನಂತೆ ಕಂಡ ಶಂಕರದಾಸಿಮಯ್ಯನವರಿಗೆ ಕನಿಕರಿಸಿ ಅದರಿಂದ ಧಾನ್ಯ ಕೊಡಲು ಹೋದಾಗ, ಆ ಕನಿಕರದೊಳಗೆ ನಾನು ಕೊಡುವವನೆಂಬ ಭಾವ ಸೇರಿತು. ಬರಿದಾಗದ ನಿಧಿ ಬರಿದಾಯಿತು. ತಪ್ಪನ್ನರಿತು ಶಂಕರದಾಸಿಮಯ್ಯನವರಿಗೆ ಬಾಗಿದ ಮೇಲೆಯೇ ಅದು ಮರಳಿತು. ನಮ್ಮ ಕುಷ್ಟಗಿಯ ಆಚೆಗೆ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ನಡೆ ಇದಕ್ಕಿಂತಲೂ ಸೂಕ್ಷ್ಮವಾದುದು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು ಅವರು. ಒಂದು ದಿನ ಗಂಡ ಹೆಚ್ಚಿಗೆ ತಂದಾಗ ಲಕ್ಕಮ್ಮನವರು ಅದನ್ನು ಇದ್ದಲ್ಲಿಯೇ ಸುರಿದು ಬರಲು ಹೇಳಿದರು. ದಾಸೋಹದ ನೆಪದಲ್ಲಿಯೂ ಆಸೆ ಒಳಗೆ ಬರಬಾರದು ಎಂಬುದು ಆ ತಾಯಿಯ ಎಚ್ಚರ. ಹಾಗೆಂದು ಅವರ ದಾಸೋಹ ನಿಲ್ಲಲಿಲ್ಲ. ಅವರ ಹೆಸರು ಯಾವ ಅಮೃತಶಿಲೆಯಲ್ಲಿಯೂ ಬರೆಸಿಕೊಳ್ಳದೆಯೇ ಎಂಟು ನೂರು ವರ್ಷಗಳಿಂದ ಉಳಿದಿದೆ.

ಸತ್ಕಾರ್ಯವೂ ಮದವಾಗಬಲ್ಲುದೆಂಬುದಕ್ಕೆ ಶೂನ್ಯಸಂಪಾದನೆಯ ಸಿದ್ಧರಾಮ ಪ್ರಸಂಗಕ್ಕಿಂತ ದೊಡ್ಡ ಸಾಕ್ಷಿ ಬೇಡ. ಸೊನ್ನಲಿಗೆಯಲ್ಲಿ ಕೆರೆ ತೋಡಿಸಿ, ಗುಡಿ ಕಟ್ಟಿಸಿ ಲೋಕೋಪಕಾರದಲ್ಲಿ ಮುಳುಗಿದ್ದ ಮಹಾಯೋಗಿಯನ್ನು ಅಲ್ಲಮಪ್ರಭುಗಳು ಮಣ್ಣು ಅಗೆಯುವವನೆಂಬಂತೆ ಮಾತನಾಡಿಸಿದರು. ಶಿಷ್ಯರು ಕಲ್ಲೆಸೆದರು, ಸಿದ್ಧರಾಮರು ಹಣೆಗಣ್ಣು ತೆರೆದರು. ಕೆರೆ ತೋಡಿದ್ದು ತಪ್ಪೆಂದು ಪ್ರಭುಗಳು ಹೇಳಲಿಲ್ಲ. ಒಂದು ಮಾತಿಗೆ ಉರಿಯುವಂಥದು ಒಳಗೇನೋ ಉಳಿದಿದೆಯೆಂದು ತೋರಿಸಿಕೊಟ್ಟರು. ಸಾವಿರ ಜನರಿಗೆ ಅನ್ನವಿಕ್ಕಿದವನು ಪತ್ರಿಕೆಯಲ್ಲಿ ತನ್ನ ಹೆಸರು ಬಿಟ್ಟುಹೋಯಿತೆಂದು ಕೆರಳಿದರೆ ಅವನೂ ಹಣೆಗಣ್ಣು ತೆರೆದಂತೆಯೇ. ಪಂಡಿತನು ತನ್ನ ಉಪನ್ಯಾಸಕ್ಕೆ ಕಡೆಯ ಸರದಿ ಬಂದಿತೆಂದು ಮುನಿದರೂ ಅಷ್ಟೇ. ಹೊಗಳಿಕೆಯನ್ನು ಬಸವಣ್ಣನವರು ಚಿನ್ನದ ಶೂಲಕ್ಕೆ ಹೋಲಿಸಿದರು. ಶೂಲ ಚಿನ್ನದ್ದಾದ ಮಾತ್ರಕ್ಕೆ ಚುಚ್ಚುವುದನ್ನು ಬಿಡುವುದಿಲ್ಲ.

ಇವೆಲ್ಲ ಹಳೆಯ ಕಾಲದ ಮಾತು, ಈ ಕಾಲದಲ್ಲಿ ನಡೆಯದು ಎನ್ನುವವರಿಗೆ ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರೇ ಉತ್ತರ. ಅವರು ಜೇಬಿಲ್ಲದ ಅಂಗಿ ತೊಟ್ಟು ಬಾಳಿದರು. 2018ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ಘೋಷಿಸಿದಾಗ ವಿನಯದಿಂದ ಪತ್ರ ಬರೆದು ಬೇಡವೆಂದರು. 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟ ಅಂತಿಮ ಪತ್ರದಲ್ಲಿ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು ತಿಳಿಸಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಲಕ್ಷಾಂತರ ಜನ ಸೇರಿದರು. ಗದ್ದುಗೆಯನ್ನೂ ಬಿಡದೆ ಹೋದವರಿಗೆ ಜನರ ಎದೆಯಲ್ಲಿ ಎಂಥ ಗದ್ದುಗೆ ದೊರೆಯಿತೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಕೊಪ್ಪಳದಲ್ಲಿಯೂ 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಹೂಳು, ಮುಳ್ಳುಕಂಟಿ ತುಂಬಿದ್ದ ಹಿರೇಹಳ್ಳಕ್ಕೆ ತಾವೇ ಇಳಿದರು, 20 ಕಿ.ಮೀ.ಗೂ ಹೆಚ್ಚು ಉದ್ದದ ಹಳ್ಳ ಜನರ ಕೈಯಿಂದಲೇ ಹಸನಾಯಿತು. ಗುರು ಪಲ್ಲಕ್ಕಿಯಿಂದ ಕರೆದಿದ್ದರೆ ಕೆಲವರು ಬರುತ್ತಿದ್ದರೇನೋ. ಹಳ್ಳದೊಳಗಿನಿಂದ ಕರೆದುದರಿಂದ ಊರಿಗೆ ಊರೇ ಬಂದಿತು.

ಗವಿಸಿದ್ಧೇಶ್ವರ ಜಾತ್ರೆಯ ದಾಸೋಹವನ್ನೇ ನೋಡಿರಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಬಂದು ರಾಶಿ ಬೀಳುತ್ತದೆ. ಯಾವ ರೊಟ್ಟಿಯನ್ನು ಯಾವ ತಾಯಿ ಬಡಿದಳೆಂದು ಯಾರು ಬಲ್ಲರು? ರೊಟ್ಟಿಯ ಮೇಲೆ ಹೆಸರು ಬರೆಯಲು ಬರುವುದಿಲ್ಲ. ಒಲೆಯ ಮುಂದೆ ಕುಳಿತು, ಬೆವರು ಸುರಿಸಿ, ಬಡಿದ ರೊಟ್ಟಿಯನ್ನು ಬುಟ್ಟಿಗೆ ತುಂಬಿ ಕಳುಹಿಸಿ ತನ್ನ ಕೆಲಸಕ್ಕೆ ಮರಳುವ ಆ ಹೆಣ್ಣುಮಗಳು ಭೃತ್ಯಾಚಾರ ಎಂಬ ಪದವನ್ನೇ ಕೇಳಿರಲಿಕ್ಕಿಲ್ಲ. ಆದರೆ ಅದನ್ನು ಆಚರಿಸುತ್ತಿರುವವಳು ಅವಳೇ. ಅದರ ಮೇಲೆ ಉಪನ್ಯಾಸ ಮಾಡುವ ನಾವಲ್ಲ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಸುಧಾರಣೆ ಬೇಕಿಲ್ಲ, ನಾಲ್ಕು ಸಣ್ಣ ನಿಯಮಗಳು ಸಾಕು. ಮುಂದಿನ ಜಾತ್ರೆಗೆ ಶುಭಕೋರುವ ಫ್ಲೆಕ್ಸ್‌ಗಳಲ್ಲಿ ಕೋರುವವರ ಮುಖ ಇರದಿರಲಿ. ದಾಸೋಹದ ಲೆಕ್ಕವನ್ನು ಪೈಸೆ ಪೈಸೆಯಾಗಿ ಪ್ರಕಟಿಸಲಿ, ದಾನಿಗಳ ಹೆಸರನ್ನು ಪುಸ್ತಕದಲ್ಲಿ ಇಟ್ಟುಕೊಳ್ಳಲಿ, ಗೋಡೆಗೆ ಏರಿಸದಿರಲಿ. ಪಂಕ್ತಿಯಲ್ಲಿ ಗಣ್ಯರಿಗೆ ಬೇರೆ ಕೋಣೆ, ಬೇರೆ ಅಡುಗೆ ಬೇಡ. ದಾನಿಯೇ ಒಂದು ದಿನ ಎಂಜಲೆಲೆ ಎತ್ತಲಿ. ಗುರುಗಳು ಉತ್ಸವದಲ್ಲಿ ನಡೆದು ಬರಲಿ; ವೃದ್ಧಾಪ್ಯ, ಅನಾರೋಗ್ಯವಿದ್ದರೆ ವಾಹನವಿದೆ, ಹೆಗಲು ಬೇಡ. ಆದರೆ ಒಂದು ಎಚ್ಚರವಿರಲಿ. ಇವನ್ನೆಲ್ಲ ಪಾಲಿಸಿ, ನಮ್ಮಷ್ಟು ವಿನಯವಂತರು ಬೇರೆಲ್ಲಿಯೂ ಇಲ್ಲವೆಂದು ಸಾರಲು ಹೊರಟರೆ ಹಿತ್ತಲ ಬಾಗಿಲಿನಿಂದ ಓಡಿಸಿದ ಮದ ತಲೆಬಾಗಿಲಿನಿಂದ ಆರತಿ ಎತ್ತಿಸಿಕೊಂಡು ಒಳಬಂದಂತೆ.

ಬಸವಾದಿ ಪ್ರಮಥರು ನಮಗೆ ಬಿಟ್ಟುಹೋದ ನಮಸ್ಕಾರದ ನುಡಿಯೇ ಶರಣು ಶರಣಾರ್ಥಿ. ದಿನಕ್ಕೆ ಹತ್ತು ಸಲ ಅದನ್ನು ನುಡಿಯುತ್ತೇವೆ. ನುಡಿಯುವಾಗ ತಲೆಯ ಜೊತೆಗೆ ಮನಸ್ಸೂ ಬಾಗಿದರೆ ಐದನೆಯ ಆಚಾರ ನಮ್ಮ ಮನೆಗೆ ಮರಳಿ ಬಂದಿತೆಂದು ತಿಳಿಯಬಹುದು.